ಭಾರದ ರಿವಾಲ್ವರನ್ನು ಅಂಗಿಯ ಮರೆಯಲ್ಲಿ ಒಯ್ಯುವುದು: ನನ್ನ ಹನ್ನೊಂದು ವರ್ಷಗಳ ಅನುಭವ

ಮೈಸೂರಿನ ಸೋದರರೊಬ್ಬರು ಕೇಳಿರುವ ಪ್ರಶ್ನೆ ಇದು. ತೀರಿಕೊಂಡ ತಂದೆಯವರ ನಾಲ್ಕಂಗುಲ ನಳಿಗೆಯ, ಉಕ್ಕಿನ .32 ರಿವಾಲ್ವರ್ ಈಗ ಪರವಾನಗಿ ಸಮೇತ ಅವರ ಹೆಸರಿಗೆ ಬಂದಿದೆ. ರಾತ್ರಿ ಪೆಟ್ರೋಲ್ ಬಂಕಿನ ಹಣದೊಂದಿಗೆ ಮನೆಗೆ ಮರಳುವಾಗ ಅದನ್ನು ಯಾರ ಕಣ್ಣಿಗೂ ಬೀಳದಂತೆ ಮೈಮೇಲೆ ಇಟ್ಟುಕೊಳ್ಳುವುದು ಹೇಗೆ, ಆ ಭಾರವನ್ನು ದಿನವೂ ಹೊರಲು ಸಾಧ್ಯವೇ ಎಂಬುದು ಅವರ ಚಿಂತೆ. ಮಂಡ್ಯದಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಾ ಹನ್ನೊಂದು ವರ್ಷ ಅಂಥದೇ ಆಯುಧವನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದವನಾದ್ದರಿಂದ, ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ ಉತ್ತರಿಸುತ್ತೇನೆ.

ಆರು ಗುಂಡು ತುಂಬಿದ ನನ್ನ ರಿವಾಲ್ವರನ್ನು ಅಂಗಡಿಯ ತಕ್ಕಡಿಯಲ್ಲಿಟ್ಟಾಗ 850 ಗ್ರಾಂ ತೂಗಿತ್ತು. ಕೈಯಲ್ಲಿ ಹಿಡಿದಾಗ ಇದೇನು ಮಹಾ ಎನಿಸುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ಮಗ್ಗುಲಲ್ಲಿ ನೇತಾಡಿದರೆ ಮೈ ತಾನಾಗಿ ಇನ್ನೊಂದು ಕಡೆಗೆ ವಾಲುತ್ತದೆ. ಮೊದಲ ತಿಂಗಳು ಮಾಮೂಲಿ ಬೆಲ್ಟಿಗೇ ಹೋಲ್‌ಸ್ಟರ್, ಅಂದರೆ ರಿವಾಲ್ವರ್ ಇಡುವ ಒರೆ, ಸಿಕ್ಕಿಸಿಕೊಂಡಿದ್ದೆ. ಬೆಲ್ಟು ತಿರುಚಿಕೊಂಡು ಪ್ಯಾಂಟು ಬಲಗಡೆ ಜಾರುತ್ತಿತ್ತು, ನಾನು ನಿಮಿಷಕ್ಕೊಮ್ಮೆ ಅದನ್ನು ಮೇಲೆಳೆದುಕೊಳ್ಳುತ್ತಿದ್ದೆ. ನೋಡುವವರಿಗೆ ಗುಟ್ಟು ಬಿಟ್ಟುಕೊಡುವುದು ಆಯುಧಕ್ಕಿಂತ ಮೊದಲು ಈ ಕೈಚಾಳಿಯೇ. ಕೊನೆಗೆ ಚರ್ಮದ ಕೆಲಸ ಬಲ್ಲವರಿಂದ ಎರಡು ಪದರದ, ಒಂದೂವರೆ ಅಂಗುಲ ಅಗಲದ ಗಟ್ಟಿ ಬೆಲ್ಟು ಹೊಲಿಸಿ, ಅದೇ ಅಗಲದ ಸೀಳುಗಳಿರುವ ಹೋಲ್‌ಸ್ಟರನ್ನು ಆ ರಿವಾಲ್ವರಿನ ಅಳತೆಗೇ ಮಾಡಿಸಿದ ಮೇಲೆ ಅರ್ಧ ಕಷ್ಟ ಕಳೆಯಿತು. ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಬಗ್ಗಿದರೂ ಓಡಿದರೂ ರಿವಾಲ್ವರ್ ಜಾರದಂತೆ ಮೇಲೊಂದು ಪಟ್ಟಿ ಇರಬೇಕು.

ಮರೆಮಾಡುವ ವಿಷಯದಲ್ಲಿ ಎಲ್ಲರೂ ನಳಿಗೆಯ ಉದ್ದಕ್ಕೆ ಹೆದರುತ್ತಾರೆ. ನಳಿಗೆ ಪ್ಯಾಂಟಿನ ಪಕ್ಕಕ್ಕೆ ಅಂಟಿಕೊಂಡು ಸುಮ್ಮನಿರುತ್ತದೆ. ಅಂಗಿಯನ್ನು ಹೊರಕ್ಕೆ ದೂಡುವುದು ಹಿಡಿ, ಅದರ ಜೊತೆಗೆ ಗುಂಡು ತುಂಬುವ ಸಿಲಿಂಡರಿನ ಉಬ್ಬು. ಬಲಗಡೆಯ ಸೊಂಟದ ಮೂಳೆಯಿಂದ ತುಸು ಹಿಂದೆ, ಹಿಡಿ ಸ್ವಲ್ಪ ಮುಂದಕ್ಕೆ ಬಾಗುವಂತೆ ಕಟ್ಟಿದರೆ ಉಬ್ಬು ಅಲ್ಲಿನ ತಗ್ಗಿನಲ್ಲಿ ಕೂರುತ್ತದೆ. ನಮ್ಮ ಕಡೆಯ ತೆಳು ಬಿಳಿ ಅಂಗಿ, ಪಂಚೆ ಇದಕ್ಕೆ ಒಗ್ಗುವುದಿಲ್ಲ. ಒಂದು ಅಳತೆ ದೊಡ್ಡದಾದ, ಗಾಢ ಬಣ್ಣದ ಅಥವಾ ಚೌಕಳಿಯ ದಪ್ಪ ಬಟ್ಟೆಯ ಅಂಗಿಯನ್ನು ಹೊರಗೆ ಬಿಟ್ಟುಕೊಳ್ಳಿ. ಇಷ್ಟೆಲ್ಲ ಮಾಡಿಯೂ, ಶ್ರೀರಂಗಪಟ್ಟಣದ ಒಂದು ಮದುವೆಯಲ್ಲಿ ದೊಡ್ಡಪ್ಪನವರ ಕಾಲಿಗೆ ಬಗ್ಗಿ ನಮಸ್ಕರಿಸುವಾಗ ಅಂಗಿ ಮೇಲೆ ಸರಿದು, ಹಿಂದೆ ನಿಂತಿದ್ದ ಆರು ವರ್ಷದ ಸೋದರಳಿಯ ಹಿಡಿಯ ಮೇಲೆ ಬೆರಳಿಟ್ಟು “ಮಾವ, ಇದೇನು?” ಎಂದು ಕೇಳಿದ. ಆ ಕ್ಷಣ ನನ್ನ ಎದೆ ಧಸಕ್ಕೆಂದಿದ್ದು ಇಂದಿಗೂ ನೆನಪಿದೆ. ಅಂದಿನಿಂದ ಬಗ್ಗಬೇಕಾದಲ್ಲಿ ಮಂಡಿಯೂರುತ್ತೇನೆ, ಮದುವೆ ಮುಂಜಿಗಳಿಗೆ ರಿವಾಲ್ವರನ್ನು ಒಯ್ಯುವುದನ್ನೇ ಬಿಟ್ಟಿದ್ದೇನೆ.

ಆದರೆ ಭಾರದ ಆಯುಧದ ನಿಜವಾದ ಅಪಾಯ ಬೇರೆಯೇ ಇದೆ: ಅದನ್ನು ಬಿಚ್ಚಿಡಬೇಕೆಂಬ ಆಸೆ. ಕಾರಿನಲ್ಲಿ ಕೂತಾಗ ಹಿಡಿ ಪಕ್ಕೆಗೆ ಒತ್ತುತ್ತದೆ, ಸೀಟ್ ಬೆಲ್ಟ್ ಅದರ ಮೇಲೆಯೇ ಬರುತ್ತದೆ. ಒಂದು ಸಂಜೆ ಮದ್ದೂರು ದಾಟಿದ ಮೇಲೆ ತಾಳಲಾರದೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟವನು, ಮನೆ ಸೇರಿ ಊಟ ಮಾಡಿ ಮಲಗಿಬಿಟ್ಟೆ. ನಡುರಾತ್ರಿ ಎಚ್ಚರವಾಗಿ ಬೀದಿಯಲ್ಲಿ ನಿಂತಿದ್ದ ಕಾರಿನ ಬಳಿಗೆ ಬರಿಗಾಲಲ್ಲಿ ಓಡಿದೆ. ಅದು ಅಲ್ಲೇ ಇತ್ತು. ಇಲ್ಲದಿದ್ದರೆ ನನ್ನ ಆಯುಧದಿಂದ ಯಾರ ಪ್ರಾಣ ಹೋಗುತ್ತಿತ್ತೋ. ಆಮೇಲೆ ನನಗೆ ನಾನೇ ಹಾಕಿಕೊಂಡ ಕಟ್ಟಳೆ ಇದು: ತಿಜೋರಿಯಿಂದ ಸೊಂಟಕ್ಕೆ, ಸೊಂಟದಿಂದ ತಿಜೋರಿಗೆ, ನಡುವೆ ಮೂರನೆಯ ಜಾಗವಿಲ್ಲ. ಈ ಕಟ್ಟಳೆಯನ್ನು ಪಾಲಿಸಲು ನಿಮ್ಮ ಮೈ ಒಪ್ಪದಿದ್ದರೆ ದಯವಿಟ್ಟು ಆ ರಿವಾಲ್ವರನ್ನು ಒಯ್ಯಬೇಡಿ.

ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಆಯುಧ ಪೂರ್ತಿ ಮುಚ್ಚಿರಬೇಕು ಮತ್ತು ಒಯ್ಯುವವರ ಹತೋಟಿಯಲ್ಲಿರಬೇಕು, ಹೊರತೆಗೆದು ಝಳಪಿಸುವಂತಿಲ್ಲ. ಪರವಾನಗಿ ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆಂದು ಪುಸ್ತಕದಲ್ಲಿ ನೋಡಿಕೊಳ್ಳಿ. ಮೈಸೂರು ಜಿಲ್ಲೆಗೆ ಮಾತ್ರ ಕೊಟ್ಟಿದ್ದರೆ ಮಂಡ್ಯದ ಗಡಿ ದಾಟಬೇಡಿ. ಚುನಾವಣೆ ಘೋಷಣೆಯಾದಾಗ ಠಾಣೆಯಲ್ಲಿ ಠೇವಣಿ ಇಡಲು ಆದೇಶ ಬಂದರೆ ಇಟ್ಟು, ರಸೀದಿ ಪಡೆಯಿರಿ. ಇನ್ನೊಂದು ಮಾತು: ಹಣದ ಚೀಲ ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿದರೆ ಆತ್ಮರಕ್ಷಣೆಯ ಹಕ್ಕು ನಿಮ್ಮನ್ನು ಕಾಯುತ್ತದೆಂದು ನಂಬಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ, ಹಿಂದಿನ ದಂಡ ಸಂಹಿತೆಯಂತೆಯೇ, ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲು ಬಿಡುವುದಿಲ್ಲ.

ಹಗುರವಾದುದನ್ನು ಕೊಳ್ಳಬಹುದೇ ಎಂದೂ ಕೇಳಿದ್ದೀರಿ. ಕಾನ್ಪುರದ ಕಾರ್ಖಾನೆಯಿಂದ 2014ರಲ್ಲಿ ಬಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು 500 ಗ್ರಾಂ ತೂಗುತ್ತದೆ, ಅದೂ .32 ಬೋರಿನದೇ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರವೂ ಒಬ್ಬರು ಎರಡು ಆಯುಧ ಇಟ್ಟುಕೊಳ್ಳಬಹುದಾದ್ದರಿಂದ, ಅನುಮತಿ ಸಿಕ್ಕರೆ ತಂದೆಯವರದನ್ನು ಕೈಬಿಡಬೇಕಾಗಿಲ್ಲ. ಹಗುರವಾದದ್ದು ಗುಂಡು ಹಾರಿದಾಗ ಹೆಚ್ಚು ಒದೆಯುತ್ತದೆ; ಭಾರದ್ದು ಕೈಯಲ್ಲಿ ನೆಟ್ಟಗೆ ನಿಲ್ಲುತ್ತದೆ. ನಿವೃತ್ತ ಪೊಲೀಸ್ ಅಧಿಕಾರಿಯಾದ ನನ್ನ ಸ್ನೇಹಿತರು ಇದೇ ಕಾರಣಕ್ಕೆ ಹಳೆಯದನ್ನೇ ಮೆಚ್ಚುತ್ತಾರೆ. ಬೇಸಿಗೆಯಲ್ಲಿ ಬೆವರಿನಿಂದ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ ಒಳಗೆ ಬನಿಯನ್ ಹಾಕಿ, ರಾತ್ರಿ ಗುಂಡು ತೆಗೆದು ಎಣ್ಣೆಬಟ್ಟೆಯಿಂದ ಒರೆಸಿಡಿ ಎಂದು ಕಲಿಸಿದವರೂ ಅವರೇ.

ಈಗಲೇ ಯಾವುದನ್ನೂ ಕೊಳ್ಳಬೇಡಿ. ಗಟ್ಟಿ ಬೆಲ್ಟೊಂದನ್ನು ಮಾಡಿಸಿ, ಗುಂಡುಗಳನ್ನು ತಿಜೋರಿಯಲ್ಲೇ ಬಿಟ್ಟು, ಖಾಲಿ ರಿವಾಲ್ವರನ್ನು ಮನೆಯೊಳಗೆ ಒಂದು ವಾರ ಕಟ್ಟಿಕೊಂಡು ಊಟಕ್ಕೆ ಕೂರಿ, ಮೆಟ್ಟಿಲು ಹತ್ತಿ, ನೆಲದ ಮೇಲಿನ ವಸ್ತುವನ್ನು ಎತ್ತಿಕೊಳ್ಳಿ. ಎಷ್ಟು ಸಲ ಬಿಚ್ಚಿಡಬೇಕೆನಿಸಿತು ಎಂಬುದನ್ನು ಲೆಕ್ಕವಿಟ್ಟು ನನಗೆ ಬರೆಯಿರಿ.