ಅಗಲಿದ ಧರ್ಮಭಗಿನಿಯರನ್ನು ಯಾರು ನೆನೆಯುತ್ತಾರೆ?

ಕೋಲಾರದ ಹಳೆಯ ವಿದ್ಯಾರ್ಥಿನಿ: ಒಂದನೆಯ ತರಗತಿಯಲ್ಲಿ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ ಸಿಸ್ಟರ್ ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಗಂಡ, ಮಕ್ಕಳು ಎಂಬ ಬಳಗವಿಲ್ಲದ ಇವರನ್ನು ಕಾನ್ವೆಂಟಿನಲ್ಲಿ ವರ್ಷವರ್ಷವೂ ನೆನೆಯುತ್ತಾರೆಯೇ? ನಮ್ಮ ಮನೆಯಲ್ಲಿ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಕ್ರೈಸ್ತಳಲ್ಲದ ನಾನು ಇವರಿಗಾಗಿ ಏನು ಮಾಡಬಹುದು?

ಚಿಕ್ಕಬಳ್ಳಾಪುರದ ಧರ್ಮಭಗಿನಿ: ಖಂಡಿತ ನೆನೆಯುತ್ತೇವೆ, ತಾಯಿ. ಸಿಸ್ಟರ್‌ಗಳ ಅನೇಕ ಸಂಘಗಳಲ್ಲಿ ಅಗಲಿದ ಸಹೋದರಿಯರ ಹೆಸರುಗಳನ್ನು ಅವರು ತೀರಿಕೊಂಡ ತಾರೀಖಿನ ಕ್ರಮದಲ್ಲಿ ಬರೆದಿಟ್ಟ ಪುಸ್ತಕವೊಂದಿದ್ದು, ಆಯಾ ದಿನದ ಹೆಸರನ್ನು ಪ್ರಾರ್ಥನೆಯ ಹೊತ್ತಿಗೆ ಗಟ್ಟಿಯಾಗಿ ಓದುವುದರಿಂದ, ಅವರ ಮುಖವನ್ನೇ ಕಾಣದ ಎಳೆಯ ಸಿಸ್ಟರ್‌ಗಳಿಗೂ ಆ ಹೆಸರು ಪರಿಚಿತವಾಗುತ್ತದೆ. ನನಗೆ ಇದಕ್ಕಿಂತ ಆಪ್ತವಾದ ಸ್ಮರಣೆ ಬೇರೊಂದಿಲ್ಲ. ಪ್ರತಿದಿನದ ಸಂಧ್ಯಾಪ್ರಾರ್ಥನೆಯ ಕೋರಿಕೆಗಳಲ್ಲಿ ಕೊನೆಯದೂ ಮೃತರಿಗಾಗಿಯೇ ಇರುತ್ತದೆ.

ಕೆಜಿಎಫ್ ವಾಸಿ: ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಅಂದು ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ನೀವೂ ಬರಬಹುದು, ಯಾರೂ ತಡೆಯುವುದಿಲ್ಲ. ಅವರ ಹೆಸರಿನಲ್ಲಿ ಬಲಿಪೂಜೆ, ಅಂದರೆ ಚರ್ಚಿನಲ್ಲಿ ನಡೆಯುವ ಮಾಸ್ ಪೂಜೆ, ಅರ್ಪಿಸುವಂತೆ ಚರ್ಚಿನ ಗುರುಗಳನ್ನು ಕೇಳಿಕೊಳ್ಳುವುದಕ್ಕೂ ಅವಕಾಶವಿದೆ.

ಕೋಲಾರದ ಹಳೆಯ ವಿದ್ಯಾರ್ಥಿನಿ: ಇಬ್ಬರಿಗೂ ಕೃತಜ್ಞತೆಗಳು. ಅವರು ತೀರಿಕೊಂಡ ತಾರೀಖನ್ನು ಕಾನ್ವೆಂಟಿನಲ್ಲಿ ವಿಚಾರಿಸಿ, ಆ ದಿನವೇ ಸೇವಂತಿಗೆ ಹೂವಿನೊಡನೆ ಸಮಾಧಿಗೆ ಹೋಗುತ್ತೇನೆ.