ಅಮ್ಮನ ಜೊತೆ ಅಲಾಸ್ಕಾ: ದೋಣಿ ಹತ್ತಿಸಬಹುದಾ? ಸ್ಲೆಡ್ ನಾಯಿಗಳ ಕೆನಲ್‌ಗೆ ಹೋಗಬಹುದಾ?

ಮೂಡಿಗೆರೆ ತೋಟದವ:
ಸಿಯಾಟಲ್‌ನಲ್ಲಿರೋ ತಂಗಿ ಜೂನ್‌ನಲ್ಲಿ ಅಲಾಸ್ಕಾ ನೋಡೋಕೆ ಕರೆದಿದ್ದಾಳೆ. ಆಂಕರೇಜ್‌ನಲ್ಲಿ ಆರ್‌ವಿ (ಒಳಗೇ ಅಡುಗೆ, ಮಲಗೋ ಜಾಗ ಇರೋ ಗಾಡಿ) ಬಾಡಿಗೆಗೆ ತಗೊಂಡು ಕಡಲತೀರದ ಸೀವರ್ಡ್‌ಗೆ ಹೋಗೋದು, ದೋಣಿಯಲ್ಲಿ ತಿಮಿಂಗಿಲ, ಪಫಿನ್ ಹಕ್ಕಿ ನೋಡೋದು, ಆಮೇಲೆ ಸ್ಲೆಡ್, ಅಂದ್ರೆ ಹಿಮದ ಗಾಡಿ, ಎಳೆಯೋ ನಾಯಿಗಳನ್ನ ಸಾಕೋ ಕೆನಲ್. ಅಮ್ಮನಿಗೆ 66. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋಕೆ ಶುರು ಮಾಡಿದ್ರೆ ಸಾಕು, ನಿಂಬೆಹಣ್ಣು ಮೂಗಿಗೆ ಹಿಡ್ಕೊಂಡು ಕಣ್ಣು ಮುಚ್ತಾರೆ. ದೋಣಿಯಲ್ಲಿ ಆರು ಗಂಟೆ ಹೊತ್ತು ಸಮುದ್ರ ಸುತ್ತೋದು ಅವರ ಕೈಲಿ ಆಗುತ್ತಾ?

ಇನ್ನೊಂದು. ಹೋದ ವರ್ಷ ನಮ್ಮ ನಾಯಿ ಕರಿಯನನ್ನ ಚಿರತೆ ಹೊತ್ಕೊಂಡು ಹೋಯ್ತು. ಅವತ್ತು ರಾತ್ರಿ ಅವನನ್ನ ಸರಪಳಿಗೆ ಕಟ್ಟಿದ್ವಿ. ಕಟ್ಟಿರೋ ನಾಯಿ ಕಂಡ್ರೆ ಅಮ್ಮ ಈಗಲೂ ಮುಖ ತಿರುಗಿಸ್ತಾರೆ. ಕೆನಲ್‌ಗೆ ಕರ್ಕೊಂಡು ಹೋಗೋದು ಸರೀನಾ? ಹೋಗಿ ಬಂದೋರು ದಯವಿಟ್ಟು ಹೇಳಿ.

ಹಾಸನದ ಟೀಚರ್:
ನಾವು 2019ರ ಜೂನ್‌ನಲ್ಲಿ ಮಗನ ಜೊತೆ ಇದೇ ದಾರೀಲಿ ಹೋಗಿದ್ವಿ. ಆಂಕರೇಜ್‌ನಿಂದ ಸೀವರ್ಡ್ ಸುಮಾರು 204 ಕಿ.ಮೀ. ಚಾರ್ಮಾಡಿ ಥರ ತಿರುವುಗಳಿಲ್ಲ, ರಸ್ತೇಲಿ ಅಮ್ಮನಿಗೆ ತೊಂದ್ರೆ ಆಗಲ್ಲ.

ದೋಣಿ ಮಾತ್ರ ಯೋಚನೆ ಮಾಡಿ. ಆರು ಗಂಟೆ ಹೊತ್ತಿನದ್ದು ಸೀವರ್ಡ್‌ನ ರಿಸರಕ್ಷನ್ ಕೊಲ್ಲಿ ದಾಟಿ ತೆರೆದ ಸಮುದ್ರಕ್ಕೆ ಹೋಗುತ್ತೆ. ಅಲ್ಲಿ ಹೊಟ್ಟೆ ತೊಳೆಸಿ ನಾನು ವಾಪಸ್ ಬರೋವರೆಗೂ ತಲೆ ಎತ್ತಲಿಲ್ಲ. ಆ ಕೊಲ್ಲಿಯೊಳಗೇ ಸುತ್ತಿಸೋ ಅರ್ಧ ದಿನದ್ದು ತಗೊಳ್ಳಿ, ವಾಂತಿ ಮಾತ್ರೆ ಯಾವುದು ಅಂತ ಡಾಕ್ಟರ್ ಹತ್ರ ಮೊದಲೇ ಕೇಳಿ. ಪಫಿನ್, ಕಡಲಸಿಂಹ ಕೊಲ್ಲಿಯಲ್ಲೂ ಕಾಣ್ತವೆ. ಭದ್ರಾದಲ್ಲಿ ನೀರುನಾಯಿ ನೋಡಿರ್ತೀರಲ್ಲ, ಅಲ್ಲಿನ ಕಡಲ ನೀರುನಾಯಿ ಅಂಗಾತ ಮಲಗಿ, ಎದೆ ಮೇಲೆ ಚಿಪ್ಪು ಇಟ್ಕೊಂಡು ಕುಟ್ಟಿ ತಿನ್ನುತ್ತೆ. ಅದಕ್ಕೆ ಚರ್ಮದಡಿ ದಪ್ಪ ಕೊಬ್ಬಿಲ್ಲ, ಆ ಚಳಿ ನೀರಲ್ಲಿ ಕಾಪಾಡೋದು ದಟ್ಟ ತುಪ್ಪಳ. ಆ ತುಪ್ಪಳಕ್ಕಾಗಿಯೇ ಬೇಟೆಯಾಡಿ ಮುಗಿಸೋದ್ರಲ್ಲಿದ್ರು, 1911ರ ಒಪ್ಪಂದದಿಂದ ಉಳೀತು.

ಇನ್ನು ಕೆನಲ್. ನಾವು ಹೋದ ಕಡೆ ಸರಪಳಿ ಇತ್ತು, ಮುಚ್ಚಿಡಲ್ಲ. ಒಂದೊಂದು ನಾಯಿಗೆ ಒಂದೊಂದು ಗೂಡು. ನಮ್ಮ ಬೀದಿನಾಯಿಗಳ ಹಾಗೆ ಸಣಕಲು, ದೊಡ್ಡ ತುಪ್ಪಳದ ಹಸ್ಕಿ ಅಲ್ಲ. ಬೇಸಿಗೇಲಿ ಚಕ್ರದ ಗಾಡಿಗೆ ಕಟ್ತಾರೆ. ಗಾಡಿಗೆ ಕಟ್ಟೋ ಮೈಪಟ್ಟಿ ತಂದಿದ್ದೇ ತಡ ಅಷ್ಟೂ ನಾಯಿ ಎಗರಾಡಿ ಊಳಿಟ್ವು. ಗಾಡಿ ಹೊರಟ ಮೇಲೆ ಒಂದೂ ಬೊಗಳಲಿಲ್ಲ. ಉಗುರು ನೆಲಕ್ಕೆ ತಾಗೋ ಸದ್ದು, ಏದುಸಿರು, ಅಷ್ಟೇ. 1925ರಲ್ಲಿ ಅಲಾಸ್ಕಾದ ನೋಮ್ ಊರಿಗೆ ಡಿಫ್ತೀರಿಯಾ ಬಂದಾಗ ಸಾವಿರ ಕಿ.ಮೀ. ಮೀರಿದ ದಾರೀಲಿ ಮದ್ದು ಮುಟ್ಟಿಸಿದ್ದು ಇಂಥ ನಾಯಿಗಳೇ.

ಬುಕ್ ಮಾಡೋ ಮುಂಚೆ ಫೋನ್ ಮಾಡಿ ಎರಡು ಕೇಳಿ: ದಿನಕ್ಕೆ ಎಷ್ಟು ಹೊತ್ತು ಬಿಚ್ಚಿ ಬಿಡ್ತೀರಿ, ವಯಸ್ಸಾದ ನಾಯಿ ಏನಾಗುತ್ತೆ. ನಾವು ಕೇಳಿದಾಗ ಮನೆ ಮೆಟ್ಟಿಲ ಮೇಲೆ ಮಲಗಿದ್ದ ಮುದಿ ನಾಯಿಯೊಂದನ್ನ ತೋರಿಸಿದ್ರು, ಬಾಯಿ ಸುತ್ತ ಪೂರ್ತಿ ನರೆ. ಉತ್ತರ ತಡವರಿಸಿದ್ರೆ ಹೋಗಲೇಬೇಡಿ.

ಚಿಕ್ಕಮಗಳೂರಿನವ:
ಆರ್‌ವಿ ಹೊರಡೋ ಮುಂಚೆ ಫ್ರಿಜ್, ಕಪಾಟಿನ ಚಿಲಕ ನೀವೇ ಒಂದ್ಸಲ ಎಳೆದು ನೋಡಿ. ನಮ್ಮ ಮೊಸರಿನ ಡಬ್ಬ ಮೊದಲನೇ ತಿರುವಲ್ಲೇ ನೆಲಕ್ಕೆ. ಕಕ್ಕಸಿನ ಟ್ಯಾಂಕ್ ಖಾಲಿ ಮಾಡೋಕೆ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಜಾಗ ಇರುತ್ತೆ, ಕೈಗವಸು ಇಟ್ಕೊಳ್ಳಿ. ರಾತ್ರಿ 11ಕ್ಕೂ ಬೆಳಕಿರುತ್ತೆ, ಅಮ್ಮನಿಗೆ ಕಣ್ಣಿಗೆ ಕಟ್ಕೊಳ್ಳೋಕೆ ಕಪ್ಪು ಬಟ್ಟೆ ಬೇಕೇ ಬೇಕು.

ಮೂಡಿಗೆರೆ ತೋಟದವ:
ಟೀಚರ್, ತುಂಬಾ ಉಪಕಾರ ಆಯ್ತು. ಅಮ್ಮನಿಗೆ ಓದಿ ಹೇಳಿದೆ. ನಾಯಿಗಳು ಓಡೋವಾಗ ಬೊಗಳಲ್ಲ ಅನ್ನೋ ಸಾಲನ್ನ ಎರಡು ಸಲ ಓದಿಸಿದ್ರು. ಫೋನ್ ಮಾಡಿದಾಗ ಆ ಮುದಿ ನಾಯಿ ಪ್ರಶ್ನೆ ತಾನೇ ಕೇಳ್ತೀನಿ, ನೀನು ಇಂಗ್ಲಿಷ್‌ನಲ್ಲಿ ಹೇಳು ಅಂದಿದ್ದಾರೆ.