ಮೂರು ವರ್ಷದೊಳಗಿನ ಮಕ್ಕಳ ಕೋಣೆ: ಪ್ರಶ್ನೆ ನಿಮ್ಮದು, ಉತ್ತರ ತರಬೇತುದಾರರದು

ತರಬೇತುದಾರರು: ನಮಸ್ಕಾರ. ಶಿಶುಪಾಲನಾ ಕೇಂದ್ರಗಳ ಆರೈಕೆದಾರರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಕೋಣೆಯನ್ನು ಸಜ್ಜುಗೊಳಿಸುವ ಬಗ್ಗೆ ಕೇಳಿ. ಮಕ್ಕಳೆಷ್ಟು, ವಯಸ್ಸೆಷ್ಟು ಎಂಬುದನ್ನು ತಪ್ಪದೆ ಬರೆಯಿರಿ.

ದಾವಣಗೆರೆ, ಹೊಸ ಕೇಂದ್ರ: ಮೇಡಂ, ಮನೆಯ ಕೆಳಮಹಡಿಯಲ್ಲಿ ಎಂಟು ಮಕ್ಕಳಿಗೆ ಕೇಂದ್ರ ಆರಂಭಿಸುತ್ತಿದ್ದೇನೆ. ಗೋಡೆಗೆ ಕಾರ್ಟೂನ್ ಬರೆಸಲು ಮೂವತ್ತು ಸಾವಿರ ಕೇಳುತ್ತಿದ್ದಾರೆ. ವಾಕರ್ ಎಷ್ಟು ಕೊಳ್ಳಲಿ? ತಿಂಗಳ ಶುಲ್ಕ ಎಷ್ಟಿಡಬಹುದು?

ತರಬೇತುದಾರರು: ಕಾರ್ಟೂನ್ ನೋಡಿ ಮೆಚ್ಚುವವರು ತಂದೆತಾಯಿ. ತೆವಳುವ ಮಗುವಿಗೆ ಕಾಣುವುದು ನೆಲದಿಂದ ಎರಡು ಅಡಿ ಎತ್ತರದವರೆಗಿನ ಗೋಡೆ ಮಾತ್ರ. ಅಲ್ಲಿ ಒಡೆಯದ ಕನ್ನಡಿ ಹಾಕಿಸಿ. ಗಿಡ್ಡ ಕಪಾಟು ಮಾಡಿಸಿ, ಅದು ಮುಂದಕ್ಕೆ ಬೀಳದಂತೆ ಗೋಡೆಗೆ ಬಿಗಿಸಿ. ಉಳಿದ ಹಣ ಎರಡನೆಯ ಆರೈಕೆದಾರೆಯ ಸಂಬಳಕ್ಕಿರಲಿ. ವಾಕರ್ ಒಂದೂ ಬೇಡ. ಅದು ನಡಿಗೆ ಕಲಿಸುವುದಿಲ್ಲ. ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿದೆ.

ಮೈಸೂರು, ಅಜ್ಜಿ: ಚನ್ನಪಟ್ಟಣದ ಗೊಂಬೆಗಳನ್ನು ಇಡಬಹುದೇ?

ತರಬೇತುದಾರರು: ಇಡಬಹುದು. ಅರಗಿನ ಬಣ್ಣದ್ದೇ ಎಂದು ಕೇಳಿ ಕೊಳ್ಳಿ. ಬಿಡಿ ಮಣಿ, ಕಳಚುವ ಚಕ್ರ ಇರಬಾರದು. ಮೂರು ಸೆಂಟಿಮೀಟರಿಗಿಂತ ಸಣ್ಣದು ಯಾವುದೂ ಈ ಕೋಣೆಗೆ ಬರಬಾರದು.

ಕೊಪ್ಪಳ ಜಿಲ್ಲೆ, ಕೂಸಿನ ಮನೆ: ಅಕ್ಕಾ, ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ನಮ್ಮ ಪಂಚಾಯಿತಿ ನಡೆಸುವ ಕೂಸಿನ ಮನೆಯಲ್ಲಿದ್ದೇನೆ. ಹಳೆಯ ಶಾಲೆಯ ಒಂದೇ ಕೋಣೆ. ಹದಿನಾಲ್ಕು ಮಕ್ಕಳು, ನಾವಿಬ್ಬರು. ದೊಡ್ಡವು ಓಡುವಾಗ ಸಣ್ಣವನ್ನು ತುಳಿಯುತ್ತವೆ ಎಂದು ಐದು ಕೂಸುಗಳನ್ನು ಕಿಟಕಿಯ ಸರಳಿಗೆ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತೇವೆ. ಒಂಬತ್ತು ತಿಂಗಳ ಒಂದು ಹುಡುಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಜೋಲಿಯಲ್ಲೇ ಇರುತ್ತಾಳೆ, ಅಳುವುದೇ ಇಲ್ಲ. ಆದರೆ ಇನ್ನೂ ಕೂರುತ್ತಿಲ್ಲ. ನಲ್ಲಿ ಎರಡು ದಿನಕ್ಕೊಮ್ಮೆ ಬರುವುದರಿಂದ ನೀರಿನ ಡ್ರಮ್ ಒಳಗೇ ಇದೆ.

ತರಬೇತುದಾರರು: ತಂಗಿ, ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೊದಲು ನೀರು. ಸಣ್ಣ ಮಗುವಿಗೆ ತಲೆಯೇ ಭಾರ. ಬಕೆಟ್ಟಿಗೆ ಬಗ್ಗಿ ಬಿದ್ದರೆ ಮತ್ತೆ ಏಳಲಾರದು. ನಾಲ್ಕು ಬೆರಳು ನೀರೂ ಸಾಕು, ಸದ್ದೂ ಆಗುವುದಿಲ್ಲ. ಡ್ರಮ್ಮನ್ನು ಇಂದೇ ಹೊರಗಿಡಿಸು, ಮುಚ್ಚಳಕ್ಕೆ ಚಿಲಕವಿರಲಿ. ಬಕೆಟ್ ಬರಿದಾದ ಕೂಡಲೇ ಬೋರಲು ಹಾಕು.

ಆಮೇಲೆ ಜೋಲಿ. ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಮುಚ್ಚುತ್ತದೆ, ತುಕ್ಕು ಹಿಡಿದ ಸರಳನ್ನಂತೂ ನಂಬಬೇಡ. ತೂಗಿದರಷ್ಟೇ ನಿದ್ದೆ ಮಾಡುವ ಕೂಸಿದ್ದರೆ ಗಟ್ಟಿ ತೊಲೆಗೆ, ನೆಲಕ್ಕೆ ಹತ್ತಿರವಾಗಿ ಕಟ್ಟಿ, ಎದುರಿಗೇ ಕುಳಿತು ತೂಗು. ಕಣ್ಣು ಮುಚ್ಚಿದೊಡನೆ ನೆಲದ ಸಮತಟ್ಟಾದ ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಿಸು. ದಿಂಬು ಬೇಡ, ಮುಖಕ್ಕೆ ಸೆರಗು ಬೇಡ.

ತುಳಿತಕ್ಕೆ ಉಪಾಯವಿದೆ. ಶಾಲೆಯ ಹಳೆಯ ಬೆಂಚುಗಳಿದ್ದರೆ ಅಡ್ಡ ಮಲಗಿಸಿ, ಕಾಲುಗಳಿಗೆ ಹಗ್ಗ ಬಿಗಿದು ಒಂದು ಮೂಲೆಯನ್ನು ಬೇರೆ ಮಾಡು. ಅದು ತೆವಳುವವರ ಮೂಲೆ. ಬಾಗಿಲಿನಿಂದ ದೂರವಿರಲಿ. ಒಬ್ಬರು ಆ ಮೂಲೆಯಲ್ಲೇ ನೆಲದ ಮೇಲೆ ಕುಳಿತಿರಬೇಕು. ಹಾಗೆ ಕುಳಿತಾಗಲೇ ಮೊಳೆ, ಸ್ವಿಚ್ಚು, ಬಿದ್ದ ನಾಣ್ಯ ಕಣ್ಣಿಗೆ ಬೀಳುತ್ತವೆ.

ಆ ಹುಡುಗಿಯ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂರಬೇಕಿತ್ತು. ದಿನವಿಡೀ ಜೋಲಿಯಲ್ಲಿದ್ದರೆ ಕತ್ತು, ಬೆನ್ನಿಗೆ ಕೆಲಸವೇ ಸಿಗುವುದಿಲ್ಲ. ಕಾರಣ ಅಷ್ಟೇ ಇರಬಹುದು, ಬೇರೆಯೂ ಇರಬಹುದು. ಕರೆದರೆ ತಿರುಗುತ್ತಾಳೆಯೇ? ಕೈಗೆ ಚಮಚ ಕೊಟ್ಟರೆ ಹಿಡಿಯುತ್ತಾಳೆಯೇ? ಅಳದ ಕೂಸು ಆರಾಮವಾಗಿದೆ ಎಂದುಕೊಳ್ಳಬೇಡ. ಕರೆದರೆ ಯಾರೂ ಬರುವುದಿಲ್ಲ ಎಂದು ತಿಳಿದ ಕೂಸೂ ಸುಮ್ಮನಾಗುತ್ತದೆ. ಎಚ್ಚರವಿದ್ದಾಗ ನೆಲಕ್ಕಿಳಿಸು, ಬೋರಲು ಮಲಗಿಸಿ ಎದುರಿಗೆ ಮಲಗಿ ಮಾತಾಡಿಸು. ಆಶಾ ಕಾರ್ಯಕರ್ತೆಗೆ ಹೇಳಿ ಈ ವಾರವೇ ವೈದ್ಯರಿಗೆ ತೋರಿಸಿ.

ಹುಬ್ಬಳ್ಳಿ, ನಿವೃತ್ತ ಶಿಕ್ಷಕರು: ಬಂದ ಸಂದೇಶವನ್ನು ಹಂಚುತ್ತಿದ್ದೇನೆ: ಕರ್ಪೂರ ಮತ್ತು ಓಮದ ಗಂಟನ್ನು ಪ್ರತಿ ಮಗುವಿನ ಕೊರಳಿಗೆ ಕಟ್ಟಿದರೆ ಕೇಂದ್ರದಲ್ಲಿ ನೆಗಡಿ ಹರಡುವುದಿಲ್ಲ. ಕೂಸುಗಳಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿ.

ತರಬೇತುದಾರರು: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಕೊರಳಿನ ದಾರ ಉರುಳಾಗುತ್ತದೆ. ಒಂದು ವರ್ಷದೊಳಗೆ ಜೇನು ಕೊಡಲೇಬಾರದು. ಬಜೆಯಿಂದ ವಾಂತಿಯಾಗಿ ಆಸ್ಪತ್ರೆ ಸೇರಿದ ಕೂಸುಗಳಿವೆ. ನೆಗಡಿ ಹರಡಬಾರದೆಂದರೆ ಮಗುವಿನ ಮೂಗು ಒರೆಸಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಹುಬ್ಬಳ್ಳಿ, ನಿವೃತ್ತ ಶಿಕ್ಷಕರು: ನಾವೆಲ್ಲ ಜೋಲಿಯಲ್ಲಿ, ಬಜೆ ನೆಕ್ಕಿಯೇ ಬೆಳೆದವರು. ತಾಯಿ ಮನೆಯಲ್ಲಿದ್ದರೆ ಇಷ್ಟೆಲ್ಲ ಏರ್ಪಾಡು ಏಕೆ ಬೇಕು?

ಬೆಂಗಳೂರು, ಹತ್ತು ತಿಂಗಳ ಮಗುವಿನ ತಾಯಿ: ಕೂಲಿ ಬಿಟ್ಟು ಮನೆಯಲ್ಲಿ ಕುಳಿತರೆ ಆ ತಾಯಿಗೆ ಅಕ್ಕಿ ನೀವು ಕೊಡುತ್ತೀರಾ? ಬೆಳೆಯದೆ ಹೋದವರು ಇಲ್ಲಿ ಬಂದು ಬರೆಯುವುದಿಲ್ಲ, ಸರ್.

ಹುಬ್ಬಳ್ಳಿ, ನಿವೃತ್ತ ಶಿಕ್ಷಕರು: ಹಿರಿಯರೊಡನೆ ಮಾತಾಡುವ ರೀತಿಯೇ ಇದು?

ಶಿವಮೊಗ್ಗ, ಅವಳಿಗಳ ತಂದೆ: ತಾಯಿ ಮನೆಯಲ್ಲಿರಲಿ ಎನ್ನುವವರು ತಂದೆ ಎಲ್ಲಿರಬೇಕೆಂದು ಹೇಳುವುದಿಲ್ಲವಲ್ಲ. ನನ್ನದೊಂದು ಪ್ರಶ್ನೆ: ಒಂದೂವರೆ ವರ್ಷದ ಮಗ ಉಳಿದ ಮಕ್ಕಳನ್ನು ಕಚ್ಚುತ್ತಾನೆ. ಕೇಂದ್ರದವರು ಕರೆದುಕೊಂಡು ಹೋಗಿ ಎನ್ನುತ್ತಿದ್ದಾರೆ.

ಬಳ್ಳಾರಿ: ವಾಕರ್ ಯಾವ ವಯಸ್ಸಿನಿಂದ ಕೊಡಬೇಕು?

ತರಬೇತುದಾರರು: ಬಳ್ಳಾರಿಯವರೇ, ಮೇಲೆ ಓದಿ.

ಬೆಂಗಳೂರು, ಹತ್ತು ತಿಂಗಳ ಮಗುವಿನ ತಾಯಿ: ನಮ್ಮ ಕಚೇರಿಯಲ್ಲಿ ಎಪ್ಪತ್ತು ಜನರಿದ್ದೇವೆ. ಶಿಶುಪಾಲನಾ ಕೇಂದ್ರ ಬೇಕೆಂದು ಕೇಳುವ ಹಕ್ಕಿದೆಯೇ?

ತರಬೇತುದಾರರು: ಇದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದ ನಿಯಮ: 50 ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಬರಹದಲ್ಲಿ ಕೇಳಿ.

ಹುಬ್ಬಳ್ಳಿ, ನಿವೃತ್ತ ಶಿಕ್ಷಕರು: ಜಾಯಿಕಾಯಿಯನ್ನಾದರೂ ಕೊಡಬಹುದೇ ಎಂದು ಸಂದೇಶ ಕಳಿಸಿದವರು ಕೇಳುತ್ತಿದ್ದಾರೆ.

ತರಬೇತುದಾರರು: ಬೇಡ. ಇಂಥ ಸಂದೇಶಗಳಿಗೆ ಇನ್ನು ಉತ್ತರಿಸುವುದಿಲ್ಲ. ಕೊಪ್ಪಳದ ತಂಗಿ ಇದ್ದಾಳೆಯೇ?

ಕೊಪ್ಪಳ ಜಿಲ್ಲೆ, ಕೂಸಿನ ಮನೆ: ಇದ್ದೇನೆ ಅಕ್ಕಾ. ಡ್ರಮ್ ಹೊರಗೆ ಹೋಯಿತು. ಹುಡುಗಿ ಚಮಚ ಹಿಡಿದಳು. ಆದರೆ ಕರೆದರೆ ತಿರುಗಲಿಲ್ಲ, ಮೂರು ಸಲ ಕರೆದೆ.

ತರಬೇತುದಾರರು: ಹಾಗಾದರೆ ವಾರ ಕಾಯಬೇಡ. ಸಂಜೆ ತಾಯಿ ಬಂದಾಗ ಹೆದರಿಸದೆ ಹೇಳು, ನಾಳೆಯೇ ಆಸ್ಪತ್ರೆಗೆ ಹೋಗಲಿ, ನೀನೂ ಜೊತೆಗೆ ಹೋಗು. ಕಿವಿ ಪರೀಕ್ಷೆ ಬೇಕೆಂದು ಕೇಳು. ನನ್ನ ನಂಬರ್ ಕಳಿಸಿದ್ದೇನೆ, ಅಲ್ಲಿಂದಲೇ ಕರೆ ಮಾಡು.